ಬೆಂಗಳೂರಿನ ಹಳೇ ಆರ್ಕಿಟೆಕ್ಟ್‌ಗಳ ಬದುಕು, ಕೆಲಸದ ಬಗ್ಗೆ ಸಂಶೋಧನೆ ಮಾಡಬೇಕು. ಮೊದಲು ಯಾರನ್ನು ಆರಿಸಿಕೊಳ್ಳಲಿ?

ಯಾರನ್ನೂ ಆರಿಸಿಕೊಳ್ಳಬೇಡಿ. ನಾನು ಆರಿಸಿಕೊಂಡು ಕೆಟ್ಟವನು.

ನನ್ನ ಪಟ್ಟಿಯ ಮೊದಲ ಹೆಸರು ಓಟೊ ಕೋನಿಗ್ಸ್‌ಬರ್ಗರ್. ಬರ್ಲಿನ್ನಿನವರು, 1939ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದವರು. ಟಾಟಾ ಇನ್‌ಸ್ಟಿಟ್ಯೂಟಿನ (ಅಂದರೆ ಐಐಎಸ್‌ಸಿಯ) ಏರೋನಾಟಿಕ್ಸ್ ಕಟ್ಟಡ, ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಪೆವಿಲಿಯನ್ ಅವರದ್ದೇ. ಅವನ್ನು ನೋಡಿ ನೋಡಿ, ಅವರ ಕೈಚಳಕ ಎಲ್ಲಿದ್ದರೂ ಕಂಡುಹಿಡಿಯುತ್ತೇನೆ ಅನ್ನೋ ಜಂಬ ಬಂದಿತ್ತು.

ಗಾಂಧಿಬಜಾರ್ ಹತ್ತಿರ ಒಂದು ಮನೆ. ದುಂಡನೆಯ ಬಾಲ್ಕನಿ, ಉದ್ದಕ್ಕೂ ಸಜ್ಜಾ, ಒಳಗೆ ಕನ್ನಡಿಯಂಥ ರೆಡ್ ಆಕ್ಸೈಡ್ ನೆಲ. ಕಾಫಿ ಕೊಡುತ್ತಾ ಅಜ್ಜಿ, ‘ಜರ್ಮನ್ ದೊರೆ ಕಾಲದ್ದು ಕಣಪ್ಪಾ’ ಅಂದರು. ಇನ್ನೇನು ಬೇಕು? ಅವತ್ತು ರಾತ್ರಿಯೇ ಲೇಖನ ಬರೆದೆ. ಹೆರಿಟೇಜ್ ವಾಕ್‌ನಲ್ಲಿ ನಲವತ್ತು ಜನರನ್ನು ಅದೇ ಗೇಟಿನ ಮುಂದೆ ನಿಲ್ಲಿಸಿ ಭಾಷಣ ಬೇರೆ ಮಾಡಿದೆ.

ಎಂಟು ತಿಂಗಳಾದ ಮೇಲೆ ಸುಣ್ಣಬಣ್ಣಕ್ಕೆ ಅಂತ ಅಟ್ಟದ ಟ್ರಂಕು ಇಳಿಸಿದಾಗ ಅಜ್ಜಿ ಫೋನ್ ಮಾಡಿಸಿದರು. ನುಸಿಗುಳಿಗೆ ವಾಸನೆ. ಟ್ರೇಸಿಂಗ್ ಬಟ್ಟೆಯ ಮೇಲೆ ಮನೆಯ ಪ್ಲ್ಯಾನು, ಮಡಿಕೆ ಮಡಿಕೆಗೂ ಬಿರುಕು. ಮೂಲೆಯಲ್ಲಿ ಮುನ್ಸಿಪಾಲಿಟಿಯ ನೇರಳೆ ಸೀಲು. ಅದರೊಳಗೆ 1936.

ಅಂದರೆ ಕೋನಿಗ್ಸ್‌ಬರ್ಗರ್ ಬರುವುದಕ್ಕೆ ಮೂರು ವರ್ಷ ಮೊದಲೇ ಪ್ಲ್ಯಾನ್ ಮಂಜೂರಾಗಿತ್ತು!

‘ಅಯ್ಯೋ, ನಾನು ಹೇಳಿದ್ದು ಆ ಸಂಪಿಗೆ ಮರ. ಸೈಟು ತೊಗೊಂಡಾಗ ನಮ್ಮ ಮಾವನವರು ಲಾಲ್‌ಬಾಗಿಂದ ಗಿಡ ತಂದು ಹಾಕಿದ್ದು. ಆಗ ಅಲ್ಲಿ ಜರ್ಮನ್ ದೊರೆ ಇದ್ರಂತೆ.’ ಆ ದೊರೆ ಕ್ರುಂಬಿಗಲ್. 1908ರಿಂದ 1932ರವರೆಗೆ ಲಾಲ್‌ಬಾಗ್ ನೋಡಿಕೊಂಡವರು. ನಾನು ಇಬ್ಬರು ಜರ್ಮನ್ನರನ್ನು ಸೇರಿಸಿ ಒಬ್ಬರನ್ನು ಮಾಡಿದ್ದೆ.

ತಪ್ಪು ಎಲ್ಲಾಯ್ತು ಅಂತ ತುಂಬಾ ದಿನ ಯೋಚಿಸಿದೆ. ಬಾಲ್ಕನಿ ನೋಡಿ ಅನುಮಾನಪಟ್ಟಿದ್ದು ತಪ್ಪಲ್ಲ. ಅಜ್ಜಿ ಮಾತು ನಂಬಿದ್ದೂ ತಪ್ಪಲ್ಲ. ಯಾವುದು, ಯಾವಾಗ ಅಂತ ಎರಡನೇ ಪ್ರಶ್ನೆ ಕೇಳಲಿಲ್ಲ. ಕಾಗದಪತ್ರ ಏನಾದರೂ ಇದೆಯಾ ಅಂತಲೂ ಕೇಳಲಿಲ್ಲ. ಯಾಕೆ ಕೇಳಲಿಲ್ಲ? ಹೆಸರು ಮೊದಲೇ ನನ್ನ ಜೇಬಿನಲ್ಲಿತ್ತು, ಅದನ್ನು ಅಂಟಿಸಲಿಕ್ಕೆ ಒಂದು ಗೋಡೆ ಬೇಕಿತ್ತು, ಅಷ್ಟೇ. ‘ನೀನು ಕೇಳ್ಲೇ ಇಲ್ವಲ್ಲಪ್ಪಾ’ ಅಂದರು ಅಜ್ಜಿ. ವಾಕ್ ನಡೆಸುವವರು ಮತ್ತೆ ಕರೆಯಲಿಲ್ಲ. ಕರೆಯಬೇಕಾಗಿಯೂ ಇರಲಿಲ್ಲ ಬಿಡಿ.

ಪ್ಲ್ಯಾನಿನ ಕೆಳಗೆ ಸಹಿ ಯಾರದ್ದು ಗೊತ್ತಾ? ಒಬ್ಬ ರಿಟೈರ್ಡ್ ಓವರ್‌ಸಿಯರ್‌ದು. ಈ ಊರಿನ ಜಾಸ್ತಿ ಮನೆಗಳು ಇಂಥವರು, ಮೇಸ್ತ್ರಿಗಳು ಕಟ್ಟಿದವು. ಆರ್ಕಿಟೆಕ್ಟ್ ಅನ್ನೋ ಪದ ಹಿಡಿದು ಹೊರಟರೆ ಇವರು ಸಿಗುವುದೇ ಇಲ್ಲ. ಅಠಾರ ಕಚೇರಿ, ಅಂದರೆ ಈಗಿನ ಹೈಕೋರ್ಟ್ ಕಟ್ಟಡ ಅಂದರೆ ಎಲ್ಲರೂ ಅದರ ವಿನ್ಯಾಸ ಮಾಡಿದ ಸ್ಯಾಂಕಿ ಅಂತಾರೆ. ಕಂಟ್ರಾಕ್ಟ್ ಹಿಡಿದು ಕಟ್ಟಿಸಿದ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್ ಹೆಸರು ಎಷ್ಟು ಜನರ ಬಾಯಲ್ಲಿದೆ? ವಿಧಾನಸೌಧಕ್ಕೆ ಮುಖ್ಯಮಂತ್ರಿಯಾಗಿದ್ದ ಕೆಂಗಲ್ ಹೆಸರು ಸಲೀಸಾಗಿ ಬರುತ್ತೆ, ಅದರ ಆರ್ಕಿಟೆಕ್ಟ್ ಮಾಣಿಕ್ಯಂ ಹೆಸರು ತಡವರಿಸುತ್ತೆ.

ನಿಮ್ಮ ಬೀದಿಯ ಒಂದೇ ಕಟ್ಟಡ ಹಿಡಿಯಿರಿ. ಮೊದಲು ಮನೆಯವರ ಟ್ರಂಕು, ಸರ್ಕಾರಿ ಕಟ್ಟಡವಾದರೆ ವಿಧಾನಸೌಧದಲ್ಲೇ ಇರುವ ರಾಜ್ಯ ಪತ್ರಾಗಾರ. ಅಲ್ಲಿ ಆರ್ಕಿಟೆಕ್ಟ್ ಹೆಸರು ಹೇಳಬೇಡಿ, ಕಟ್ಟಡದ ಹೆಸರು, ವರ್ಷ ಹೇಳಿ ಪಿಡಬ್ಲ್ಯುಡಿ (ಲೋಕೋಪಯೋಗಿ ಇಲಾಖೆ) ಕಡತ ಕೇಳಿ.

ನಾನೀಗ ಆ ಓವರ್‌ಸಿಯರ್ ಹಿಂದೆ ಬಿದ್ದಿದ್ದೇನೆ. ಮೂರು ಮನೆ ಸಿಕ್ಕಿವೆ. ನಾಲ್ಕನೆಯದನ್ನು ಹೋದ ತಿಂಗಳು ಕೆಡವಿದರು. ಅದರ ಕಿಟಕಿಯ ಗ್ರಿಲ್ ಗುಜರಿ ಅಂಗಡಿಯಲ್ಲಿ ಸಿಕ್ಕಿತು, ತೂಕಕ್ಕೆ ಹಾಕಿ ಕೊಟ್ಟರು.