ಕೊಲೊನೋಸ್ಕೋಪಿಯಲ್ಲಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆ) ಲಾಡಿಹುಳು ಸಿಕ್ಕಿತು, ತುಂಡು ತೆಗೆದಿದ್ದಾರೆ. ಇನ್ನೂ ಔಷಧ ಬೇಕಾ?

ಅಪ್ಪನಿಗೆ ಏನೂ ತೊಂದರೆ ಇರಲಿಲ್ಲ, ಸುಮ್ನೆ ಪರೀಕ್ಷೆಗೆ ಹೋದಾಗ ಕಂಡಿತು ಅಂತ ಬರೆದಿದ್ದೀರಿ. ಔಷಧ ಬೇಕೇ ಬೇಕು.

ನನಗೂ ವಿಜಯಪುರದಲ್ಲಿ ಹೀಗೇ ಗೊತ್ತಾಯಿತು. ಅಕ್ಕನಿಗೆ ಕರುಳಿನ ಕ್ಯಾನ್ಸರ್ ಆಗಿತ್ತು, ಅದಕ್ಕೆ ನಾನೂ ತೋರಿಸಿಕೊಳ್ಳಲು ಹೋಗಿದ್ದೆ. ಹೊಟ್ಟೆನೋವಿಲ್ಲ, ತೂಕ ಇಳಿದಿರಲಿಲ್ಲ. ಪರದೆ ಮೇಲೆ ಬಿಳಿ ಲಾಡಿಯಂಥದ್ದು ಮೆಲ್ಲಗೆ ಸರಿದಾಡಿತು. ಅಳುವೇ ಬಂತು.

ದೊಡ್ಡ ಕರುಳಲ್ಲಿ ಕಾಣುವುದು ಹುಳುವಿನ ಬಾಲದ ಕಡೆ. ಹುಳುವಿನ ತಲೆ ಅದಕ್ಕೂ ಮೇಲಿರುವ ಸಣ್ಣ ಕರುಳಿಗೆ ಕಚ್ಚಿಕೊಂಡಿರುತ್ತದೆ. ಅದು ಉಳಿದರೆ ಹುಳು ಮತ್ತೆ ಬೆಳೆಯುತ್ತದೆ. ಆಪರೇಷನ್ ಏನೂ ಬೇಡ. ನನಗೆ ತೂಕ ನೋಡಿ ಪ್ರಾಜಿಕ್ವಾಂಟೆಲ್ ಅನ್ನೋ ಹುಳುವಿನ ಗುಳಿಗೆ ಒಂದೇ ಸಲ ಕೊಟ್ಟರು. ಶಾಲೆಯಲ್ಲಿ ಮಕ್ಕಳಿಗೆ ಕೊಡುವ 400 ಮಿಲಿಗ್ರಾಂ ಆಲ್ಬೆಂಡಜೋಲ್ ಗುಳಿಗೆ ಒಂದನ್ನು ನಂಬಿ ಕೂರಬೇಡಿ.

ತೆಗೆದ ತುಂಡು ಲ್ಯಾಬಿಗೆ ಹೋಗಿದೆಯಾ ಕೇಳಿ. ದನದ ಮಾಂಸದಿಂದ ಬಂದದ್ದೋ ಹಂದಿ ಮಾಂಸದಿಂದ ಬಂದದ್ದೋ ಅಂತ ಮೊಟ್ಟೆ ನೋಡಿ ಹೇಳಲು ಆಗುವುದಿಲ್ಲ, ಎರಡೂ ಒಂದೇ ಥರ. ತುಂಡು ನೋಡಿದರೆ ತಿಳಿಯುತ್ತದೆ. ನನ್ನದು ಹಂದಿ ಮಾಂಸದ್ದು. ಆಗ ನಿಜವಾಗಿ ಹೆದರಿದೆ. ಆ ಹುಳುವಿನ ಮೊಟ್ಟೆ ಮಲದಿಂದ ಕೈಗೆ, ಕೈಯಿಂದ ಊಟಕ್ಕೆ ಹೋದರೆ ತಿಂದವರ ಮಿದುಳಲ್ಲಿ ಗಂಟು ಕಟ್ಟಿ ಮೂರ್ಛೆ ಬರಬಹುದು. ಮಾಂಸ ಮುಟ್ಟದವರಿಗೂ ಬರಬಹುದು. ಮನೆಯಲ್ಲಿ ರೊಟ್ಟಿ ಬಡಿಯುವವಳು ನಾನು. ಜೊತೆಗೆ ಹಸಿ ಮೆಂತ್ಯ, ಹಕ್ಕರಕಿ, ಸವತೆಕಾಯಿ ತೊಳೆದು ಹಚ್ಚಿಡುವವಳೂ ನಾನೇ. ರೊಟ್ಟಿಯಾದರೂ ಬೇಯುತ್ತದೆ, ಸೊಪ್ಪು ಬೇಯುವುದಿಲ್ಲ ಅಲ್ವಾ?

ಅತ್ತೆಗೆ ಹೇಳಲು ಎರಡು ದಿನ ಹಿಂಜರಿದೆ. ಆ ಎರಡು ದಿನ ನಾನು ಸುಮ್ಮನಿರಬಾರದಿತ್ತು. ಹೇಳಿದ ಮೇಲೆ ಅವರೇ ಎಲ್ಲರನ್ನೂ ಮಲಪರೀಕ್ಷೆಗೆ ಹೊರಡಿಸಿದರು. ಯಾರಿಗೂ ಇರಲಿಲ್ಲ. ನೀವೂ ಮನೆಯವರದ್ದೆಲ್ಲ ಮಾಡಿಸಿ. ಸಂಡಾಸಿಗೆ ಹೋಗಿ ಬಂದಾಗ, ಅಡುಗೆಗೆ ಮೊದಲು, ಸೋಪು ಹಚ್ಚಿ ಕೈ ತೊಳೆಯಲಿ.

ಗುಳಿಗೆ ತಗೊಂಡ ಮೇಲೆ 1 ತಿಂಗಳಿಗೆ, 3 ತಿಂಗಳಿಗೆ ಮತ್ತೆ ಮಲಪರೀಕ್ಷೆ ಇರುತ್ತದೆ, ತಪ್ಪಿಸಬೇಡಿ.

ಇನ್ನೊಂದು ಮಾತು, ಇದನ್ನು ಗುಳಿಗೆ ನುಂಗುವ ಮೊದಲೇ ಕೇಳಬೇಕು. ಅಪ್ಪನಿಗೆ ಯಾವಾಗಲಾದರೂ ಫಿಟ್ಸ್ ಬಂದಿತ್ತಾ? ಬಿಡದ ತಲೆನೋವು ಇತ್ತಾ? ಇದ್ದರೆ ಡಾಕ್ಟರಿಗೆ ಹೇಳಿ. ಮಿದುಳಲ್ಲಿ ಗಂಟು ಅಡಗಿದ್ದರೆ ಆ ಗುಳಿಗೆಯಿಂದಲೇ ಅಲ್ಲಿ ಬಾವು ಬಂದು ಫಿಟ್ಸ್ ಆಗಬಹುದು. ಇವತ್ತೇ ಕೇಳಿಬಿಡಿ.