ಸಂಪಾದಕರ ಉತ್ತರ: 63 ಗೊಡ್ಡಾದರೆ 65 ಯಾಕಲ್ಲ?

‘ಹೇಸರಗತ್ತೆಯಲ್ಲಿ 63 ವರ್ಣತಂತುಗಳಿವೆ, ಅದು ಬೆಸ ಸಂಖ್ಯೆಯಾದ್ದರಿಂದ ಹೇಸರಗತ್ತೆ ಗೊಡ್ಡು’ ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆವು (ಹೇಸರಗತ್ತೆ ಕುದುರೆಗೂ ಕತ್ತೆಗೂ ಹುಟ್ಟುವ ಮಿಶ್ರತಳಿ; ವರ್ಣತಂತು ಅಥವಾ ಕ್ರೋಮೋಸೋಮ್ ಎಂದರೆ ಕೋಶದೊಳಗೆ ವಂಶವಾಹಿಗಳನ್ನು ಹೊತ್ತಿರುವ ದಾರದಂಥ ರಚನೆ). ಅದನ್ನು ಓದಿದ ಜೀವವಿಜ್ಞಾನ ಶಿಕ್ಷಕಿಯೊಬ್ಬರು ಎರಡು ಪ್ರಶ್ನೆ ಕೇಳಿದ್ದಾರೆ. ಸಾಕುಕುದುರೆಗೂ (64) ಮಂಗೋಲಿಯದ ಪ್ರಜೆವಾಲ್ಸ್ಕಿ ಕಾಡುಕುದುರೆಗೂ (66) ಹುಟ್ಟಿದ ಮರಿಯಲ್ಲಿ 65 ವರ್ಣತಂತು. ಅದೂ ಬೆಸವೇ, ಆದರೂ ಅದಕ್ಕೆ ಮರಿಗಳಾಗುತ್ತವಲ್ಲ? ಇನ್ನು, ವರ್ಣತಂತು ಬದಲಾದ ಮೊದಲ ಪ್ರಾಣಿಗೇ ಸಂತಾನ ಕಷ್ಟವಾದರೆ, ಆ ಬದಲಾವಣೆ ಉಳಿದು ಹೊಸ ಪ್ರಭೇದವಾಗುವುದು ಹೇಗೆ?

ಮೇಡಂ, ನೀವು ಹಿಡಿದದ್ದು ನಮ್ಮ ತಪ್ಪನ್ನೇ. ತೊಡಕಿರುವುದು ಎಣಿಕೆಯಲ್ಲಲ್ಲ, ಜೋಡಿಯಾಗುವುದರಲ್ಲಿ. ವೀರ್ಯಾಣು ಅಥವಾ ಅಂಡ ತಯಾರಾಗುವಾಗ ತಾಯಿಯಿಂದ ಬಂದ ಪ್ರತಿ ವರ್ಣತಂತುವೂ ತಂದೆಯಿಂದ ಬಂದ ತನ್ನ ಜೊತೆಯದನ್ನು ಹುಡುಕಿ, ಉದ್ದಕ್ಕೂ ಅದಕ್ಕೆ ತಾಗಿ ನಿಲ್ಲಬೇಕು. ಆಮೇಲೆ ಒಂದು ಅತ್ತ, ಇನ್ನೊಂದು ಇತ್ತ ಸರಿಯಬೇಕು. ಸಾಕುಕುದುರೆಯ 5ನೇ ವರ್ಣತಂತು ಕಾಡುಕುದುರೆಯಲ್ಲಿ 23 ಮತ್ತು 24 ಎಂಬ ಎರಡು ತುಂಡುಗಳಾಗಿದೆ. ಮಿಶ್ರತಳಿಯ ಮರಿಯಲ್ಲಿ ಆ ಎರಡು ಗಿಡ್ಡ ತುಂಡುಗಳು ಉದ್ದದ್ದರ ಎರಡು ತೋಳುಗಳಿಗೆ ಅಂಟಿ, ಮೂರೂ ಒಟ್ಟಿಗೆ ನಿಲ್ಲುತ್ತವೆ. ಉದ್ದದ್ದು ಒಂದು ಕಡೆ ಹೋಗಿ, ಗಿಡ್ಡವೆರಡೂ ಇನ್ನೊಂದು ಕಡೆ ಹೋದರೆ ಯಾವ ಕೋಶಕ್ಕೂ ಕೊರತೆಯಿಲ್ಲ. ಕುದುರೆಗೂ ಕತ್ತೆಗೂ ಇರುವುದು ಇಂಥ ಒಂದೇ ವ್ಯತ್ಯಾಸವಲ್ಲ. ವರ್ಣತಂತುಗಳ ಭಾಗಗಳು ಹತ್ತಾರು ಕಡೆ ಜಾಗ ಬದಲಿಸಿವೆ. ಹೇಸರಗತ್ತೆಯಲ್ಲಿ ಅವು ಜೋಡಿ ಸಿಗದೆ ತಡವರಿಸುತ್ತವೆ, ಕೋಶವಿಭಜನೆ ನಡುವೆಯೇ ನಿಂತುಹೋಗುತ್ತದೆ.

ನಿಮ್ಮ ಎರಡನೆಯ ಪ್ರಶ್ನೆ ಜೀವವಿಜ್ಞಾನಿಗಳನ್ನೂ ಬಹುಕಾಲ ಕಾಡಿದ್ದು. ಅದಕ್ಕೆ ನನಗೆ ಅತ್ಯಂತ ಇಷ್ಟವಾದ ಉತ್ತರ ಇರುವುದು ಅಟ್ಲಾಂಟಿಕ್ ಸಾಗರದ ಮದೀರಾ ದ್ವೀಪದಲ್ಲಿ. ಮನೆಯಿಲಿಗೆ ಸಾಮಾನ್ಯವಾಗಿ 40 ವರ್ಣತಂತು. ಮನುಷ್ಯರ ಹಡಗುಗಳಲ್ಲಿ ಬಂದು ಅಲ್ಲಿನ ಕಡಿದಾದ ಕಣಿವೆಗಳಲ್ಲಿ ಬೇರೆಬೇರೆಯಾಗಿ ಉಳಿದ ಇಲಿಗಳಲ್ಲಿ ಈಗ 22ರಿಂದ 28ರವರೆಗೆ ಮಾತ್ರ ಇವೆ, ಅದೂ ಆರು ಬಗೆಯಲ್ಲಿ. ವಂಶವಾಹಿಗಳು ಕಳೆದುಹೋಗಿಲ್ಲ, ವರ್ಣತಂತುಗಳು ಎರಡೆರಡಾಗಿ ಬೆಸೆದುಕೊಂಡಿವೆ ಅಷ್ಟೆ.

ಬಣ್ಣದ ಸೀಮೆಸುಣ್ಣ ಹಿಡಿದು ಇದನ್ನು ತರಗತಿಯ ಬೋರ್ಡಿನ ಮೇಲೆ ಬಿಡಿಸಿ ನೋಡಿ. ಅಂಕಿಗಳು ಉದಾಹರಣೆಗೆ ಮಾತ್ರ. ಒಂದು ಕಣಿವೆಯಲ್ಲಿ 1-2 ಮತ್ತು 3-4 ಬೆಸೆದುಕೊಂಡವು ಎನ್ನಿ. ಪಕ್ಕದ ಕಣಿವೆಯಲ್ಲಿ 2-3 ಮತ್ತು 4-1. ಪ್ರತಿ ಬೆಸುಗೆಯೂ ಮೊದಲು ಕಾಣಿಸಿಕೊಂಡಾಗ ಕಾಡುಕುದುರೆಯ ಮರಿಯಲ್ಲಾದಂತೆ ಮೂರರ ಗುಂಪು, ನಷ್ಟ ಅಲ್ಪ. ಹತ್ತಾರು ಇಲಿಗಳಷ್ಟೇ ಇರುವ ಸಣ್ಣ ಗುಂಪಿನಲ್ಲಿ ಅಷ್ಟು ನಷ್ಟವಿದ್ದರೂ ಅದು ಬರೀ ಅದೃಷ್ಟದಿಂದ ಎಲ್ಲರಿಗೂ ಹರಡಬಹುದು. ಈಗ ಎರಡು ಕಣಿವೆಯ ಇಲಿಗಳು ಕೂಡಿದವು ಅನ್ನಿ. ಮರಿಯಲ್ಲಿ 1-2 ತನ್ನ ಒಂದು ತೋಳಿನಿಂದ 2-3ನ್ನು ಹಿಡಿಯುತ್ತದೆ, ಅದು 3-4ನ್ನು, ಅದು 4-1ನ್ನು, ಅದು ಮತ್ತೆ 1-2ನ್ನು. ನಾಲ್ಕೂ ಸೇರಿ ಬಳೆಯಂತೆ ನಿಲ್ಲುತ್ತವೆ. ಒಂದು ಬಿಟ್ಟು ಒಂದರಂತೆ ಸರಿಯಾಗಿ ಬೇರ್ಪಟ್ಟರೆ ಸರಿ. ಅಕ್ಕಪಕ್ಕದವು ಒಂದೇ ಕಡೆ ಹೋದರೆ ಒಂದು ಭಾಗ ಹೆಚ್ಚು, ಒಂದು ಭಾಗ ಇಲ್ಲ. ಬಳೆ ದೊಡ್ಡದಾದಷ್ಟೂ ಬಂಜೆತನ ಹೆಚ್ಚು. ಹೀಗೆ ಎರಡು ಕಣಿವೆಗಳ ಮಧ್ಯೆ ಗೋಡೆ ಎದ್ದಿತು, ಆದರೆ ಅದನ್ನು ಕಟ್ಟುವಾಗ ಯಾವ ಕಣಿವೆಯ ಇಲಿಯೂ ದೊಡ್ಡ ಬೆಲೆ ತೆರಲಿಲ್ಲ.

ವರ್ಣತಂತುವಿನ ಒಂದು ಭಾಗ ಕಳಚಿ, ತಲೆಕೆಳಗಾಗಿ ಅಲ್ಲೇ ಮತ್ತೆ ಕೂರುವುದೂ ಉಂಟು. ಹಣ್ಣುನೊಣದ ಮರಿಹುಳುವಿನ ಜೊಲ್ಲುಗ್ರಂಥಿಯಲ್ಲಿ ವರ್ಣತಂತುಗಳು ಬಹಳ ದಪ್ಪ. ತಲೆಕೆಳಗಾದ ಭಾಗ ತನ್ನ ಜೊತೆಯದಕ್ಕೆ ಹೊಂದಿಕೊಳ್ಳಲು ಕುಣಿಕೆಯಂತೆ ಸುತ್ತಿಕೊಂಡದ್ದು ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇಲ್ಲಿ ಮುಖ್ಯ ಸಂಗತಿ ಬಂಜೆತನವಲ್ಲ. ಮಿಶ್ರತಳಿಯಲ್ಲಿ ಆ ಭಾಗದ ವಂಶವಾಹಿಗಳು ಜೊತೆಯ ವರ್ಣತಂತುವಿನೊಂದಿಗೆ ಅದಲುಬದಲಾಗುವುದು ಹೆಚ್ಚುಕಡಿಮೆ ನಿಂತುಹೋಗುತ್ತದೆ, ಅಲ್ಲಿರುವುದೆಲ್ಲ ಒಂದೇ ಗಂಟಾಗಿ ಪೀಳಿಗೆಯಿಂದ ಪೀಳಿಗೆಗೆ ಸಾಗುತ್ತದೆ. ಉತ್ತರ ಅಮೆರಿಕದ ಪಶ್ಚಿಮ ಭಾಗದಲ್ಲಿ ಸ್ಯೂಡೊಅಬ್‌ಸ್ಕ್ಯೂರಾ ಮತ್ತು ಪರ್ಸಿಮಿಲಿಸ್ ಎಂಬ ಎರಡು ಹಣ್ಣುನೊಣ ಪ್ರಭೇದಗಳು ಒಂದೇ ಕಾಡಿನಲ್ಲಿ ಬದುಕುತ್ತವೆ, ಅಪರೂಪಕ್ಕೆ ಕೂಡುವುದೂ ಉಂಟು. ಅವುಗಳ ಮಿಶ್ರ ಗಂಡುಗಳನ್ನು ಬಂಜೆಯಾಗಿಸುವ ವಂಶವಾಹಿಗಳು ಬಹುಪಾಲು ಇಂಥ ತಲೆಕೆಳಗಾದ ಭಾಗಗಳಲ್ಲೇ ಇವೆ ಎಂದು 2001ರಲ್ಲಿ ಪ್ರಕಟವಾಯಿತು. ಉಳಿದೆಡೆ ವಂಶವಾಹಿಗಳು ಸೋರಿ ಬೆರೆತರೂ ಈ ಗಂಟುಗಳು ಬಿಚ್ಚುವುದಿಲ್ಲ. ಪ್ರಭೇದಗಳ ಹುಟ್ಟಿನಲ್ಲಿ ಬೆಸುಗೆಗಿಂತ ಈ ಗಂಟಿನ ಪಾತ್ರವೇ ದೊಡ್ಡದೆಂದು ನನಗೆ ಅನ್ನಿಸುತ್ತದೆ.

ಹಾಗೆಂದು ಎಣಿಕೆಗೆ ಬೆಲೆಯೇ ಇಲ್ಲ ಎನ್ನುವಂತಿಲ್ಲ. ಬ್ರೆಡ್ಡಿಗೆ ಹಾಕುವ ಯೀಸ್ಟ್‌ನ 16 ವರ್ಣತಂತುಗಳನ್ನು ವಿಜ್ಞಾನಿಗಳು 2018ರಲ್ಲಿ ಒಂದೊಂದಾಗಿ ಬೆಸೆದು ನೋಡಿದರು. 12 ವರ್ಣತಂತುಗಳ ತಳಿಯನ್ನು ಮೂಲ ತಳಿಯೊಂದಿಗೆ ಕೂಡಿಸಿದಾಗ ನೂರಕ್ಕೆ ಹತ್ತು ಬೀಜಾಣುಗಳೂ ಬದುಕಲಿಲ್ಲ. 8ರ ತಳಿಯೊಂದಿಗೆ ಒಂದೂ ಬದುಕಲಿಲ್ಲ. ಆದರೂ ಆ 8ರ ತಳಿ ತನ್ನಷ್ಟಕ್ಕೆ ತಾನು ಚೆನ್ನಾಗಿಯೇ ಬೆಳೆಯುತ್ತಿತ್ತು.

ಮದೀರಾದ ಇಲಿಗಳು ಹೊಸ ಪ್ರಭೇದಗಳೇ ಎಂದು ನಿಮ್ಮ ವಿದ್ಯಾರ್ಥಿಗಳು ಕೇಳಿದರೆ ‘ಇನ್ನೂ ಅಲ್ಲ, ದಾರಿಯಲ್ಲಿವೆ’ ಎನ್ನಬಹುದು. ನಮ್ಮ ಆ ವಾಕ್ಯವನ್ನು ದಯವಿಟ್ಟು ಹೀಗೆ ತಿದ್ದಿ ಓದಿಕೊಳ್ಳಿ: ‘ಕುದುರೆಯ ಮತ್ತು ಕತ್ತೆಯ ವರ್ಣತಂತುಗಳು ಹಲವೆಡೆ ಒಂದಕ್ಕೊಂದು ಹೊಂದಿ ಜೋಡಿಯಾಗಲಾರವು, ಆದ್ದರಿಂದ ಹೇಸರಗತ್ತೆ ಗೊಡ್ಡು.’