ಉಸಿರು ಪರೀಕ್ಷೆಗೆ ಮುನ್ನ ಮಗಳಿಗೆ ಏನು ಕೊಡಲಿ?

ಪ್ರಶ್ನೆ: ಡಾಕ್ಟ್ರೇ, ಏಳು ವರ್ಷದ ಮಗಳಿಗೆ ಹಾಲು ಕುಡಿದರೆ ಹೊಟ್ಟೆ ಉಬ್ಬರ, ಭೇದಿ. ಹೈಡ್ರೋಜನ್ ಉಸಿರು ಪರೀಕ್ಷೆ ಬರೆದಿದ್ದಾರೆ. ಹೇಗೆ ತಯಾರಿ ಮಾಡಲಿ?
– ಒಬ್ಬ ತಾಯಿ, ಹಾಸನ

ಉತ್ತರ: ಹಿಂದಿನ ದಿನ ಬಿಳಿ ಅನ್ನ, ಬೇಯಿಸಿದ ಮೊಟ್ಟೆ ಸಾಕಮ್ಮ. ಹಾಲು, ಹಣ್ಣು, ಬೇಳೆ, ಕಾಳು ಬೇಡ. ಮೆತ್ತಗಿದೆ ಅಂತ ಇಡ್ಲಿ ಕೊಟ್ಟುಬಿಡ್ತಾರೆ, ಅದರಲ್ಲೂ ಉದ್ದಿನಬೇಳೆ ಇದೆ ಅಲ್ವಾ? ಕರುಳಿನ ಬ್ಯಾಕ್ಟೀರಿಯಾ ಇವನ್ನು ಹುಳಿಸಿದರೆ ಉಸಿರಿನಲ್ಲಿ ಹೈಡ್ರೋಜನ್ ಅನಿಲ ಮೊದಲೇ ಜಾಸ್ತಿಯಾಗಿ ಫಲಿತಾಂಶ ಕೆಡುತ್ತದೆ. ರಾತ್ರಿ ಊಟವಾದ ಮೇಲೆ ಬರೀ ನೀರು. ಎಷ್ಟು ಗಂಟೆ ಉಪವಾಸ ಅಂತ ಆಸ್ಪತ್ರೆಯಲ್ಲೇ ಕೇಳಿ, ಮಗುವಿನ ವಯಸ್ಸು ನೋಡಿ ಹೇಳುತ್ತಾರೆ. ಕಳೆದ 4 ವಾರದಲ್ಲಿ ಆಂಟಿಬಯಾಟಿಕ್ ಕೊಟ್ಟಿದ್ದರೆ ಖಂಡಿತ ತಿಳಿಸಿ. ಬೆಳಿಗ್ಗೆ ಹಲ್ಲುಜ್ಜಿಸಿ.

ಲ್ಯಾಕ್ಟೋಸ್ (ಹಾಲಿನಲ್ಲಿರುವ ಸಕ್ಕರೆ) ಬೆರೆಸಿದ ನೀರು ಕುಡಿಸಿ 2–3 ಗಂಟೆ ಆಗಾಗ ಊದಿಸುತ್ತಾರೆ. ನಡುವೆ ಓಟ, ನಿದ್ದೆ ಬೇಡ. ಚಿತ್ರ ಬರೆಯುವ ಪುಸ್ತಕ ಒಯ್ಯಿರಿ. ಸ್ಟ್ರಾದಲ್ಲಿ ಊದುವುದನ್ನು ಇವತ್ತಿನಿಂದಲೇ ಆಟದಂತೆ ಕಲಿಸಿ.